ಬೋರಲು ಬಿದ್ದ ಚಪ್ಪಲಿಯೂ ಮನೆಯ ಜಗಳವೂ

ವಿಡಿಯೋ ಕಾಲ್ ಮಾಡಿದಾಗ ನಮ್ಮಮ್ಮನ ಕಣ್ಣು ಮೊದಲು ಹೋಗೋದು ಬಾಗಿಲ ಹತ್ತಿರದ ಚಪ್ಪಲಿಗಳ ಮೇಲೆ. "ಅದೊಂದು ಬೋರಲು ಬಿದ್ದಿದೆ ನೋಡೋ, ಸರಿ ಮಾಡು. ಮನೇಲಿ ಜಗಳ ಆಗತ್ತೆ." ನೀವೂ ಈ ಮಾತು ಕೇಳೇ ಇರ್ತೀರಿ. ಇನ್ನು ನಾವಿರೋ ಇಂಗ್ಲೆಂಡಿನಲ್ಲಿ ಹೊಸ ಶೂ ಮೇಜಿನ ಮೇಲಿಟ್ಟರೆ ಅಪಶಕುನ ಅಂತಾರೆ. ಎರಡೂ ಕಡೆಯ ಭಯ ಕೇಳಿಸಿಕೊಂಡ ಮಗಳು ಕೇಳಿದಳು: "ನಿಜಾನಾ ಅಪ್ಪಾ?"

ಡೇಟಾ ಸೈನ್ಸ್ ಓದಿದವನಿಗೆ ಉತ್ತರ ಸುಲಭ. ಚಪ್ಪಲಿ ಬೋರಲಾಗಿ ಜಗಳವಾದ ದಿನಗಳನ್ನಷ್ಟೇ ಎಣಿಸಿದರೆ ಸಾಲದು. ಬೋರಲಾಗಿಯೂ ಜಗಳವಾಗದ ದಿನ, ನೆಟ್ಟಗಿದ್ದೂ ಜಗಳವಾದ ದಿನ, ಎರಡೂ ಇಲ್ಲದ ದಿನ, ಇವೂ ಲೆಕ್ಕಕ್ಕೆ ಬೇಕು. ನಮ್ಮ ನೆನಪು ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳುತ್ತೆ.

"ಹಿರಿಯರು ಸ್ವಚ್ಛತೆಗೋಸ್ಕರ ಹೇಳಿದ್ದು, ಇದರಲ್ಲಿ ವಿಜ್ಞಾನ ಇದೆ" ಅನ್ನೋ ವಾದವೂ ನಿಮಗೆ ಗೊತ್ತು. ಚಪ್ಪಲಿ ಹೊರಗೆ ಬಿಡೋಕೆ ಆ ಕಾರಣ ಸರಿ. ಆದರೆ ಹೊರಗಿರೋ ಚಪ್ಪಲಿ ಮಗುಚಿದರೆ ಜಗಳ ಯಾಕಾಗಬೇಕು? ಅದೇ ಚಪ್ಪಲಿಯನ್ನು ಲಾರಿಯ ಹಿಂದೆ, ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿ ತಾಗದಿರಲಿ ಅಂತ ನೇತುಹಾಕ್ತೀವಲ್ಲ! ದೇವಸ್ಥಾನದಲ್ಲಿ ಕಳೆದುಹೋದರೆ "ಶನಿ ಬಿಟ್ಟಿತು" ಅಂತ ಸಮಾಧಾನ. ಕಲಬುರಗಿ ಜಿಲ್ಲೆಯ ಗೋಳಾ ಗ್ರಾಮದ ಲಕ್ಕಮ್ಮ ದೇವಿಗೆ ಭಕ್ತರು ಚಪ್ಪಲಿಯನ್ನೇ ಹರಕೆಯಾಗಿ ಕಟ್ಟುತ್ತಾರೆ. ಇಂಗ್ಲೆಂಡಿನಲ್ಲೂ ಹೀಗೇ. ಹಳೇ ಮನೆಗಳ ಗೋಡೆಯೊಳಗೆ, ಚಿಮಣಿಯಲ್ಲಿ ಬಚ್ಚಿಟ್ಟ ಸವೆದ ಶೂಗಳು ಸಿಗುತ್ತವೆ. ಅವುಗಳಲ್ಲಿ ಮಕ್ಕಳ ಶೂಗಳೂ ಬಹಳ. ಕೆಡುಕು ಒಳಗೆ ಬರದಿರಲಿ ಅಂತ ಇಟ್ಟಿರಬೇಕು ಅನ್ನೋದು ಊಹೆ. ನಾರ್ಥಾಂಪ್ಟನ್ ಮ್ಯೂಸಿಯಂ ಇಂಥವುಗಳ ಪಟ್ಟಿಯನ್ನೇ ಇಟ್ಟಿದೆ.

ಅಂದರೆ ಕೆಡುಕು ತರೋದೂ ಅದೇ, ತಡೆಯೋದೂ ಅದೇ. ಇಷ್ಟಕ್ಕೇ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮಲ್ಲಿ ಚಪ್ಪಲಿಯ 'ಕೀಳುತನ' ಚಪ್ಪಲಿಯಲ್ಲೇ ಉಳಿಯಲಿಲ್ಲ. ತೊಗಲು ಹದ ಮಾಡಿದವರಿಗೆ, ಮೆಟ್ಟು ಹೊಲಿದವರಿಗೆ ಅಂಟಿತು. ಮೇಲ್ಜಾತಿಯವರ ಬೀದಿಯಲ್ಲಿ ದಲಿತರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದದ್ದು ಶಕುನದಿಂದಲ್ಲ, ಮನುಷ್ಯರ ದಬ್ಬಾಳಿಕೆಯಿಂದ. 12ನೇ ಶತಮಾನದ ಶರಣ ಹರಳಯ್ಯ ಮತ್ತು ಅವರ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರು, ಅದನ್ನು ಮೆಟ್ಟಲು ಬಸವಣ್ಣ ಒಪ್ಪಲಿಲ್ಲ ಅನ್ನೋ ಕಥೆ ನಮ್ಮಲ್ಲಿದೆ. ಮಕ್ಕಳಿಗೆ ಶಕುನ ಹೇಳೋ ನಾವು ಈ ಕಥೆ ಎಷ್ಟು ಸಲ ಹೇಳಿದ್ದೀವಿ?

ಅಮ್ಮನ ಜೊತೆ ವಾದ ಮಾಡಿ ಅಂತ ನಾನು ಹೇಳ್ತಿಲ್ಲ. ದೂರದಲ್ಲಿರೋ ಮಗನ ಮನೆಯಲ್ಲಿ ಜಗಳ ಆಗದಿರಲಿ ಅನ್ನೋ ಕಾಳಜಿ ಅವರ ಮಾತಲ್ಲಿದೆ, ಅದು ನನಗೂ ಬೇಕು. ನಾನು ಮಗಳಿಗೆ ಹೇಳಿದ್ದು ಇಷ್ಟು: "ಜಗಳ ಆಗೋದು ನಮ್ಮ ಮಾತಿಂದ, ಚಪ್ಪಲಿಯಿಂದಲ್ಲ ಪುಟ್ಟಾ. ಆದರೂ ನೆಟ್ಟಗಿಡು. ಯಾರಾದರೂ ಎಡವುತ್ತಾರೆ. ಅದನ್ನ ಮಾಡಿದವರಿಗೂ ಮರ್ಯಾದೆ ಕೊಡಬೇಕು."