ಅಳತೆಯ ಶುದ್ಧಿಯೂ ನ್ಯಾಯದ ಸಿದ್ಧಿಯೂ

ಶಿಕ್ಷೆಯೊಂದನ್ನು ಕುರಿತು ಮೇಲ್ಮನವಿ ಬಂದಾಗ ಮೇಲಣ ನ್ಯಾಯಾಲಯವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಶಿಕ್ಷೆಯನ್ನು ಗೊತ್ತುಮಾಡಿದ ಕ್ರಮ ಶುದ್ಧವಾಗಿತ್ತೆ ಎಂಬುದೊಂದು, ಆ ಶಿಕ್ಷೆಯೇ ಅಪರಾಧಕ್ಕೂ ಅಪರಾಧಿಗೂ ತಕ್ಕುದಾಗಿದೆಯೆ ಎಂಬುದು ಇನ್ನೊಂದು. ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಈಚಿನ ಎರಡು ದಶಕಗಳಲ್ಲಿ ಕೊಟ್ಟಿರುವ ತೀರ್ಪುಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಓದಿದರೆ, ಮೊದಲನೆಯದರಲ್ಲಿ ಅವು ತೋರುವ ಜಾಗರೂಕತೆ ಎಷ್ಟು ಶ್ಲಾಘ್ಯವೋ ಎರಡನೆಯದರಲ್ಲಿ ಅವು ತೋರುವ ಸಂಕೋಚ ಅಷ್ಟೇ ಶೋಚನೀಯವೆಂಬ ನಿರ್ಣಯಕ್ಕೆ ಬರದೆ ನಿರ್ವಾಹವಿಲ್ಲ.

ಒಂದೇ ಬಗೆಯ ಅಪರಾಧಕ್ಕೆ ಒಬ್ಬ ನ್ಯಾಯಾಧೀಶರ ಮುಂದೆ ಒಂದು ಶಿಕ್ಷೆ, ಮತ್ತೊಬ್ಬರ ಮುಂದೆ ಮತ್ತೊಂದು ಎಂಬ ತಾರತಮ್ಯವನ್ನು ನೀಗಿಸುವ ಸದುದ್ದೇಶದಿಂದ ಅಲ್ಲಿಯ ಕಾಂಗ್ರೆಸ್ಸು 1984ರಲ್ಲಿ ಕಾಯಿದೆ ಮಾಡಿತು. ಅದರಂತೆ ರಚಿತವಾದ ಆಯೋಗದ ಮಾರ್ಗಸೂತ್ರಗಳು 1987ರ ನವೆಂಬರ್ 1ರಿಂದ ಜಾರಿಗೆ ಬಂದವು. ಅಪರಾಧದ ಗುರುತ್ವಕ್ಕೆ 43 ಮಟ್ಟಗಳು, ಅಪರಾಧಿಯ ಪೂರ್ವಚರಿತ್ರೆಗೆ 6 ವರ್ಗಗಳು. ಇವೆರಡೂ ಕೂಡುವ ಮನೆಯಲ್ಲಿ ಸೆರೆವಾಸದ ತಿಂಗಳುಗಳ ಕನಿಷ್ಠ, ಗರಿಷ್ಠ ಸಂಖ್ಯೆಗಳು. ಈ ಕೋಷ್ಟಕ ನ್ಯಾಯಾಧೀಶರನ್ನು ಬಲವಾಗಿ ಕಟ್ಟಿಹಾಕಿತ್ತು. ಬುಕರ್ ಪ್ರಕರಣದಲ್ಲಿ ಆಪಾದಿತನ ಬಳಿ 92.5 ಗ್ರಾಂ ಕ್ರ್ಯಾಕ್ ಕೊಕೇನ್ ಇತ್ತೆಂದು ಜ್ಯೂರಿ ಕಂಡುಕೊಂಡಿದ್ದರೆ, ಅದಲ್ಲದೆ ಇನ್ನೂ 566 ಗ್ರಾಂ ಅವನ ಪಾಲಿಗೆ ಸಲ್ಲತಕ್ಕದ್ದೆಂದು ನ್ಯಾಯಾಧೀಶರು ತಾವೇ ನಿಶ್ಚಯಿಸಿ, ಜ್ಯೂರಿಯ ನಿರ್ಣಯವೊಂದರ ಮೇಲೆಯೇ ಆದರೆ 21 ವರ್ಷ 10 ತಿಂಗಳನ್ನು ಮೀರಲಾಗದಿದ್ದ ಶಿಕ್ಷೆಯನ್ನು 30 ವರ್ಷಕ್ಕೆ ಏರಿಸಿದ್ದರು. ಇದು ಜ್ಯೂರಿಯ ಹಕ್ಕಿಗೆ ವಿರುದ್ಧವೆಂದು ಷಿಕಾಗೋದ ಏಳನೆಯ ಸರ್ಕ್ಯೂಟ್ ನ್ಯಾಯಾಲಯ ನಿರ್ಭೀತಿಯಿಂದ ಸಾರಿತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಮಾರ್ಗಸೂತ್ರಗಳು ಇನ್ನು ಮುಂದೆ ಸಲಹೆಯೇ ಹೊರತು ಕಟ್ಟಳೆಯಲ್ಲವೆಂದಿತು. ಮೇಲ್ಮನವಿಯ ನ್ಯಾಯಪೀಠ ತನ್ನ ಧರ್ಮವನ್ನು ಪೂರ್ಣವಾಗಿ ನಡೆಸಿದ ಉದಾಹರಣೆ ಇದು.

ಅಲ್ಲಿಂದ ಮುಂದೆ ಮೇಲಣ ಪೀಠ ನೋಡಬೇಕಾದದ್ದು ಶಿಕ್ಷೆ ಸಮಂಜಸವಾಗಿದೆಯೆ ಎಂಬುದನ್ನು. ಈ ಮಾತಿನ ಅರ್ಥವ್ಯಾಪ್ತಿಯನ್ನು ಗೊತ್ತುಮಾಡಿದ್ದು 2007ರ ಗಾಲ್ ಪ್ರಕರಣ. ಅಯೋವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳು ಮಾದಕ ಗುಳಿಗೆಗಳ ವ್ಯಾಪಾರದಲ್ಲಿ ತೊಡಗಿ, ಯಾರ ಒತ್ತಾಯವೂ ಇಲ್ಲದೆ ಅದನ್ನು ಬಿಟ್ಟು, ಪದವಿ ಪಡೆದು, ಮರಗೆಲಸದಲ್ಲಿ ಪರಿಣತನಾಗಿ ಸಭ್ಯ ಜೀವನ ಕಟ್ಟಿಕೊಂಡಿದ್ದನು. ಸೂತ್ರಗಳು 30ರಿಂದ 37 ತಿಂಗಳ ಸೆರೆಮನೆಯನ್ನು ಸೂಚಿಸುತ್ತಿದ್ದರೂ ವಿಚಾರಣಾ ನ್ಯಾಯಾಧೀಶರು 36 ತಿಂಗಳ ಪ್ರೊಬೇಷನ್ ವಿಧಿಸಿದರು. ಎಂಟನೆಯ ಸರ್ಕ್ಯೂಟ್ ಅದನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟು, ಆಪಾದಿತನನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ವಿವೇಚನೆಗೆ ಮನ್ನಣೆ ಸಲ್ಲತಕ್ಕದ್ದೆಂದು ಅದನ್ನು ಪುನಃ ಸ್ಥಾಪಿಸಿತು.

ದಯೆಯನ್ನು ರಕ್ಷಿಸಲು ಹುಟ್ಟಿದ ಈ ಮನ್ನಣೆಯೇ ಕಾಲಕ್ರಮದಲ್ಲಿ ಕಾಠಿಣ್ಯಕ್ಕೂ ಕವಚವಾಯಿತೆಂಬುದು ನನ್ನ ಮುಖ್ಯ ಆಕ್ಷೇಪ. ಸೂತ್ರದ ಮಿತಿಯೊಳಗಿನ ಶಿಕ್ಷೆ ಸಮಂಜಸವೆಂದೇ ಮೇಲಣ ಪೀಠಗಳು ಭಾವಿಸಬಹುದೆಂದು ಅದೇ ವರ್ಷದ ರೀಟಾ ಪ್ರಕರಣ ಅನುಮತಿಯಿತ್ತಿತ್ತು. ಹಲವು ಸರ್ಕ್ಯೂಟ್‌ಗಳು ಆ ಅನುಮತಿಯನ್ನು ಕೈಕೊಂಡವು. ವಿವೇಚನೆಗೆ ಮನ್ನಣೆ ಒಂದು ಕಡೆ, ಸಂಖ್ಯೆಗೆ ಮನ್ನಣೆ ಇನ್ನೊಂದು ಕಡೆ ಆದಾಗ, ಸೂತ್ರಬದ್ಧವಾದ ಕಠಿನ ಶಿಕ್ಷೆಯ ವಿರುದ್ಧ ಬಂದವನಿಗೆ ನಿಲ್ಲಲು ಎಡೆಯೇ ಉಳಿಯದು. ಲೆಕ್ಕದಲ್ಲಿ ಎರಡು ಅಂಕ ಹೆಚ್ಚಾಗಿ ಬಿದ್ದಿದ್ದರೆ ಪ್ರಕರಣ ಮರಳಿ ಹೋಗುತ್ತದೆ; ಲೆಕ್ಕ ಸರಿಯಾಗಿದ್ದು ಫಲ ಮಾತ್ರ ಅನ್ಯಾಯವಾಗಿದ್ದರೆ ಪೀಠ ಬಹುಶಃ ಕೈಕಟ್ಟಿ ಕುಳಿತಿರುತ್ತದೆ.

ಇಂಡಿಯಾನಾಪೊಲಿಸ್‌ನ ಔಷಧದಂಗಡಿಯೊಂದರ ದರೋಡೆಯ ಪ್ರಕರಣವನ್ನು ನೋಡಿ. ಜ್ಯೂರಿ ತರುಣನೊಬ್ಬನನ್ನು ದರೋಡೆಯಲ್ಲಿ ದೋಷಿಯೆಂದೂ, ಬಳಿಕ ನಡೆದ ಸಂಗಡಿಗನ ಕೊಲೆಯಲ್ಲಿ ನಿರ್ದೋಷಿಯೆಂದೂ ನಿರ್ಣಯಿಸಿತು. ದರೋಡೆಯೊಂದಕ್ಕೇ ಆದರೆ ಸೂತ್ರದ ಮಿತಿ ಐದಾರು ವರ್ಷ. ನ್ಯಾಯಾಧೀಶರು, ಸಂಭಾವ್ಯತೆಯ ತೂಕದ ಮೇಲೆ ಕೊಲೆಯನ್ನು ಅವನೇ ಮಾಡಿದನೆಂದು ನಂಬಿ, 19 ವರ್ಷ ವಿಧಿಸಿದರು. 2022ರಲ್ಲಿ ಅದೇ ಏಳನೆಯ ಸರ್ಕ್ಯೂಟ್, ಸುಪ್ರೀಂ ಕೋರ್ಟಿನ 1997ರ ವಾಟ್ಸ್ ತೀರ್ಪು ತನ್ನನ್ನು ಕಟ್ಟಿಹಾಕಿರುವುದರಿಂದ ಖುಲಾಸೆಯಾದ ಆರೋಪವನ್ನು ಶಿಕ್ಷೆಗೆ ಎಣಿಸುವುದನ್ನು ತಡೆಯಲಾರೆನೆಂದಿತು. ಮರುವರ್ಷ ಸುಪ್ರೀಂ ಕೋರ್ಟು ವಿಚಾರಣೆಗೇ ಒಪ್ಪಲಿಲ್ಲ. ಹನ್ನೆರಡು ಮಂದಿ ನಾಗರಿಕರು ಕೂಡಿ ಇಲ್ಲವೆಂದ ದೋಷ ಒಬ್ಬರ ಅಭಿಪ್ರಾಯದಿಂದ ಉಂಟಾಗುವುದಾದರೆ, ಜ್ಯೂರಿಯ ಖುಲಾಸೆಗೆ ಉಳಿಯುವ ಬೆಲೆ ಏನು?

ಕೆಳಗಿನ ನ್ಯಾಯಾಲಯ ಮೇಲಿನದಕ್ಕೆ ಬದ್ಧವಾಗಿರಬೇಕು, ಸಾಕ್ಷಿಯ ಮುಖವನ್ನು ಕಂಡವರಿಗೆ ಕಾಗದವನ್ನು ಮಾತ್ರ ಓದುವವರು ಮಣಿಯಬೇಕು ಎಂಬ ವಾದಗಳು ಹಗುರವಾದುವಲ್ಲ. ಆದರೆ ಮಣಿಯುವುದು ಬೇರೆ, ಮೌನ ತಾಳುವುದು ಬೇರೆ. ಶಿಕ್ಷೆ ಸಾಕಷ್ಟಿರಬೇಕು, ಅಗತ್ಯಕ್ಕಿಂತ ಹೆಚ್ಚಿರಕೂಡದು ಎಂದು ಕಾಯಿದೆಯೇ ವಿಧಿಸಿರುವಾಗ, ಅಧಿಕವಾದುದನ್ನು ಅಧಿಕವೆನ್ನುವುದು ಮೇಲಣ ಪೀಠದ ಔದಾರ್ಯವಲ್ಲ, ಕರ್ತವ್ಯ. ಫೆಡರಲ್ ದೋಷನಿರ್ಣಯಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ತಪ್ಪೊಪ್ಪಿಗೆಯಿಂದಲೇ ಬರುವುವು. ಹಾಗೆ ತಪ್ಪೊಪ್ಪಿಕೊಂಡವರಲ್ಲಿ ಅನೇಕರು ಒಪ್ಪಂದದಲ್ಲೇ ಮೇಲ್ಮನವಿಯ ಹಕ್ಕನ್ನೂ ಬಿಟ್ಟುಕೊಡುವರು. ಆದುದರಿಂದ ಪೀಠದವರೆಗೆ ಬಂದು ಮುಟ್ಟುವ ಕೆಲವೇ ಪ್ರಕರಣಗಳ ಮೇಲೆ ಈ ಕರ್ತವ್ಯದ ಭಾರ ಇಮ್ಮಡಿಯಾಗಿದೆ.

ಆಯೋಗವು 2024ರ ನವೆಂಬರ್‌ನಿಂದ, ಖುಲಾಸೆಯಾದ ಕೃತ್ಯವನ್ನು ಸೂತ್ರದ ಲೆಕ್ಕದಿಂದ ಹೊರಗಿಟ್ಟಿರುವುದು ಸ್ವಾಗತಾರ್ಹ. ಆದರೆ ಅಂತಿಮ ಶಿಕ್ಷೆಯನ್ನು ಆರಿಸುವಾಗ ಅದನ್ನು ಗಮನಿಸುವ ಅಧಿಕಾರ ನ್ಯಾಯಾಧೀಶರಲ್ಲಿ ಇನ್ನೂ ಉಳಿದಿರುವುದರಿಂದ, ಆ ಬಾಗಿಲನ್ನು ಮುಚ್ಚುವ ಹೊಣೆ ನ್ಯಾಯಾಲಯಗಳದೇ. ಕಾಲು ಶತಮಾನಕ್ಕೂ ಹಿಂದಿನ ವಾಟ್ಸ್ ತೀರ್ಪಿಗೆ ಬದ್ಧರಾಗಿರುವಾಗಲೂ ಅದರ ಫಲ ಅನ್ಯಾಯವೆಂದು ಸ್ಪಷ್ಟವಾಗಿ ಬರೆದಿಡುವ ಸ್ವಾತಂತ್ರ್ಯ ಈ ಪೀಠಗಳಿಗೆ ಇದ್ದೇ ಇದೆ. ಹಾಗೆ ಬರೆದ ಮಾತೇ ಮುಂದೆ ಮೇಲಿನ ನ್ಯಾಯಾಲಯದ ಮನವನ್ನು ತಿರುಗಿಸಬಲ್ಲುದೆಂಬುದಕ್ಕೆ ಬುಕರ್ ಪ್ರಕರಣದಲ್ಲಿ ಏಳನೆಯ ಸರ್ಕ್ಯೂಟ್ ತೋರಿದ ಧೈರ್ಯವೇ ಸಾಕ್ಷಿ.