ಧರ್ಮರಾಜನ ಅನೃತ: ದ್ರೋಣಪರ್ವದ ಒಂದು ಪ್ರಕರಣ

ದ್ರೋಣಪರ್ವದಲ್ಲಿ ಧರ್ಮರಾಜನಾಡಿದ ಅನೃತವನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಆ ಮಾತಿನ ಧರ್ಮಾಧರ್ಮವಿಚಾರದಲ್ಲಿಯೇ ನಿಂತುಬಿಡುತ್ತದೆ. ಅದನ್ನಾಡುವಂತೆ ಅವನಿಗೆ ಸೂಚಿಸಿದ ಬಗೆ ಎಂಥದೆಂಬುದೂ ವಿಚಾರಾರ್ಹವಾದುದು. ವ್ಯಾಸರ ಸೂಕ್ಷ್ಮದೃಷ್ಟಿ ಇರುವುದು ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಶ್ರೀಕೃಷ್ಣನು ಈ ಸಲಹೆಯನ್ನು ಎರಡು ಸಲ ಕೊಡುತ್ತಾನೆ. ಧರ್ಮವನ್ನು ಬಿಟ್ಟು ಜಯೋಪಾಯವನ್ನು ಹಿಡಿಯಿರಿ ಎಂಬುದು ಮೊದಲನೆಯದರ ತಾತ್ಪರ್ಯ. ದ್ರೋಣನು ಎಲ್ಲರನ್ನೂ ಕೊಂದಾನೆಂಬ ಭಯವೂ ಅದರ ಬೆನ್ನಿಗೆ ಉಂಟು. ಆದರೆ ಮುಂದೆ ನಿಂತಿರುವುದು ಜಯ, ಅದಕ್ಕೆ ತೆರಬೇಕಾದ ಬೆಲೆ ಧರ್ಮವೆಂದು ಬಾಯಿಬಿಟ್ಟು ಹೇಳಿದೆ. ಅರ್ಜುನನಿಗೆ ಇದು ರುಚಿಸಲಿಲ್ಲ, ಉಳಿದವರು ಒಪ್ಪಿದರು, ಯುಧಿಷ್ಠಿರನು ಬಹು ಕಷ್ಟದಿಂದ ಒಪ್ಪಿದನು. ಆದರೂ ಆಗ ಸುಳ್ಳಾಡಿದವನು ಭೀಮಸೇನ. ಮಾಲವ ಇಂದ್ರವರ್ಮನ ಅಶ್ವತ್ಥಾಮನೆಂಬ ಆನೆಯನ್ನು ಕೊಂದು, ಅವನೂ ನಾಚಿಕೊಂಡೇ ಕೂಗಿದನೆಂದು ಕವಿ ಹೇಳುತ್ತಾನೆ.

ದ್ರೋಣನು ಅದನ್ನು ನಂಬದೆ ಯುಧಿಷ್ಠಿರನನ್ನೇ ಕೇಳಿದನು. ಮೂರು ಲೋಕದ ಐಶ್ವರ್ಯ ದೊರೆಯುವಂತಿದ್ದರೂ ಅವನು ಸುಳ್ಳಾಡನೆಂಬುದು ಆಚಾರ್ಯನ ನಿಶ್ಚಯ. ಈ ಅಳತೆಗೋಲನ್ನು ಗಮನಿಸಬೇಕು. ದ್ರೋಣನು ಶಿಷ್ಯನ ಸತ್ಯವನ್ನು ಅಳೆದದ್ದು ಲಾಭದಿಂದ. ಲಾಭದ ಮಟ್ಟಿಗೆ ಅವನೆಣಿಸಿದ್ದು ಸರಿಯಾಗಿಯೇ ಇದ್ದಿರಬಹುದು. ಆದರೆ ಕೃಷ್ಣನ ಎರಡನೆಯ ಮಾತು ತಕ್ಕಡಿಯನ್ನೇ ಬದಲಾಯಿಸುತ್ತದೆ. ದ್ರೋಣನು ಇನ್ನು ಅರ್ಧ ದಿನ ಹೀಗೆ ಕಾದಿದರೆ ನಿನ್ನ ಸೇನೆ ಉಳಿಯದು, ನಮ್ಮನ್ನು ಕಾಪಾಡು, ಜೀವವುಳಿಸಲು ಆಡಿದ ಅನೃತ ಅಂಟುವುದಿಲ್ಲ! (ಇದಕ್ಕೆ ತಾನು ಸತ್ಯವನ್ನೇ ನುಡಿಯುತ್ತಿರುವೆನೆಂಬ ಪೀಠಿಕೆಯೂ ಇರುವುದು ಸ್ವಾರಸ್ಯ.) ಜಯದ ಹೆಸರೇ ಇಲ್ಲ. ಆಡಬೇಕಾದ ಸುಳ್ಳು ಅದೇ. ಆದರೆ ಆಗ ಧರ್ಮತ್ಯಾಗವಾಗಿದ್ದುದು ಈಗ ಆರ್ತರಕ್ಷಣೆಯಾಯಿತು. ಸೇನೆ ಸಾಯುತ್ತಿದ್ದುದು ದಿಟವೇ ಆದುದರಿಂದ ಕೃಷ್ಣನ ಮಾತನ್ನು ಬರಿಯ ವಂಚನೆಯೆಂದು ತಳ್ಳಿಹಾಕುವಂತೆಯೂ ಇಲ್ಲ.

ಟ್ವರ್ಸ್ಕಿ, ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು ೧೯೮೧ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಸ್ಮರಣೀಯವಾಗಿದೆ. ೬೦೦ ಜನರ ಪ್ರಾಣಕ್ಕೆ ಸಂಬಂಧಿಸಿದ ಕಲ್ಪಿತಪ್ರಶ್ನೆಯೊಂದನ್ನು ಉಳಿಯುವವರ ಲೆಕ್ಕದಲ್ಲಿ ಕೇಳಿದಾಗ ನೂರಕ್ಕೆ ೭೨ ಮಂದಿ ನಿಶ್ಚಿತಮಾರ್ಗವನ್ನು ಹಿಡಿದರು. ಅದನ್ನೇ ಸಾಯುವವರ ಲೆಕ್ಕದಲ್ಲಿ ಕೇಳಿದಾಗ ೨೨ ಮಂದಿ ಮಾತ್ರ. ಅದು ಅಪಾಯವನ್ನು ಕೈಕೊಳ್ಳುವ ವಿಚಾರ. ಲಾಭಕ್ಕಾಗಿ ಮಾಡುವುದಕ್ಕಿಂತ ನಷ್ಟವನ್ನು ತಪ್ಪಿಸಿಕೊಳ್ಳಲು ಜನರು ಹೆಚ್ಚಾಗಿ ಮೋಸಮಾಡುವರೆಂದು ೨೦೧೬ರಲ್ಲಿ ಗ್ರೊಲೊ, ಕೊಖರ್, ಸುತನ್ ಎಂಬವರು ತಮ್ಮ ಪ್ರಯೋಗದಿಂದ ತೋರಿಸಿದರು.

ಆದರೆ ಕವಿಯು ಇಷ್ಟಕ್ಕೆ ನಿಲ್ಲುವುದಿಲ್ಲ. ಯುಧಿಷ್ಠಿರನು ಬಾಯಿತೆರೆಯುವ ಕ್ಷಣದಲ್ಲಿ ಅವನ ಮನಸ್ಸಿನಲ್ಲಿದ್ದುದು ಸೇನೆಯ ಮೇಲಿನ ಕನಿಕರವೆಂದು ಹೇಳಬಹುದಾಗಿತ್ತು, ಹಾಗೆ ಹೇಳಲಿಲ್ಲ. ಅನೃತದ ಭಯದಲ್ಲಿ ಮುಳುಗಿದ್ದನು, ಜಯದಲ್ಲಿ ಆಸಕ್ತನಾಗಿದ್ದನು ಎನ್ನುತ್ತಾನೆ. ಕೃಷ್ಣನು ಮರೆಮಾಡಿದ್ದ ಜಯವೆಂಬ ಪದ ಕವಿಯ ಬಾಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆನೆಯೆಂಬ ಮಾತು ಅಸ್ಪಷ್ಟವಾಯಿತು. ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲಿದ್ದವನ ಕುದುರೆಗಳು ನೆಲವನ್ನು ಮುಟ್ಟಿದುವು. ರಥದ ಪ್ರಸಂಗವನ್ನು ಎಲ್ಲರೂ ಬಲ್ಲರು. ನಮಗೆ ಆ ಪದವೇ ಹೆಚ್ಚಿನದಾಗಿ ಕಾಣುತ್ತದೆ.

ಗುರುವಧೆಯಾದಮೇಲೆ ಅರ್ಜುನನು ಅಣ್ಣನನ್ನು ನಿಂದಿಸುವಾಗ, ರಾಜ್ಯದ ಕಾರಣದಿಂದ ಗುರುವಿಗೆ ಸುಳ್ಳು ಹೇಳಿದೆ ಎನ್ನುತ್ತಾನೆ. ಮೊದಲಿನ ಸಲಹೆಯನ್ನು ಒಪ್ಪದವನು ಅವನೊಬ್ಬನೇ ಎಂಬುದನ್ನು ನೆನೆಯಬೇಕು. ರಕ್ಷಣೆಯ ಮಾತನ್ನು ಅವನು ಎತ್ತುವುದೇ ಇಲ್ಲ. ಅದಕ್ಕೆ ಒಡನೆಯೇ ಕೆರಳಿ ಉತ್ತರಕೊಟ್ಟವನು ಭೀಮ, ಯುಧಿಷ್ಠಿರನಲ್ಲ.