ಮಾತು ಹಾಡಾಗುವ ಜಾಗ

ಜಾತ್ರೆಯ ನಾಟಕ ಕಂಪನಿಯಲ್ಲಿ ಹಾಡು ಶುರುವಾದ ಕೂಡಲೇ ಎದ್ದು ಚಹಾಕ್ಕೆ ಹೋಗುವವರಿದ್ದಾರೆ. ದ್ವಂದ್ವಾರ್ಥದ ಕಾಮಿಡಿ, ರೆಕಾರ್ಡ್ ಡ್ಯಾನ್ಸ್ ಬಂತೆಂದರೆ ಓಡಿ ಬಂದು ಕೂಡುತ್ತಾರೆ. ಅವರಿಗೆ ಈ ಬರಹ ಬೇಡ. ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯ ಹುಡುಗರಲ್ಲಿ ಒಬ್ಬರಾದರೂ ರಂಗಗೀತೆಗೆ ಕಿವಿಗೊಟ್ಟರೆ ಸಾಕು.

ರಾಗ ಯಾವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಮಾತು ಹಾಡಾಗುವ ಜಾಗ ಹಿಡಿಯಿರಿ. ಪಾತ್ರ ಇನ್ನೂ ಮಾತಾಡುತ್ತಿರುವಾಗಲೇ ಪೇಟಿ ಮಾಸ್ತರರು ಸದ್ದಿಲ್ಲದೆ ಸುರ್ ಒತ್ತಿರುತ್ತಾರೆ. ನಟಿಯ ದನಿ ಆ ಸುರ್ ಸುತ್ತ ಸುಳಿಯತೊಡಗುತ್ತದೆ. ಕಡೆಯ ಅಕ್ಷರ ಉದ್ದವಾಗಿ, ಗಕ್ಕನೆ ಮೇಲಿನ ಷಡ್ಜಕ್ಕೆ ಹಾರುತ್ತದೆ. ತಬಲಾ ಬೀಳುವುದು ಆಮೇಲೆ. ಪಳಗಿದವರು ಹಾರುವಾಗ ದನಿಯನ್ನು ಚೂರು ಒಡೆಯಗೊಡುತ್ತಾರೆ; ಅಳು ಇರುವುದು ಆ ಒಡಕಿನಲ್ಲೇ. ಟ್ರ್ಯಾಕ್ ಹಾಕಿಕೊಂಡು ಹಾಡುವವರಿಗೆ ಇದು ದಕ್ಕುವುದಿಲ್ಲ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಮಾಸ್ತರರು ಕಾಯುತ್ತಾರೆ.

ನನ್ನ ಕಿವಿ ತೆರೆದದ್ದು ಯಲಬುರ್ಗಾ ಸೀಮೆಯ ಒಂದು ಜಾತ್ರೆಯಲ್ಲಿ. ವಯಸ್ಸಾದ ನಟಿ, ಹರೆಯದ ಪಾತ್ರ. ಹಿಂದಿನ ಸಾಲಿನವನೊಬ್ಬ ಅಣಕಿಸಿ ಸೀಟಿ ಹೊಡೆದ. ಆಕೆ ಆ ಸೀಟಿಯ ಸುರ್‌ನಲ್ಲೇ ಹಾಡು ಎತ್ತಿಕೊಂಡಳು. ಮಾಸ್ತರರು ನಗುತ್ತಾ ಬೆರಳು ಸರಿಸಿದರು. ಮುಂದೆ ಸೀಟಿಯಿಲ್ಲ.

ಅಮೆರಿಕದಲ್ಲೂ ಹೀಗೆ ದನಿ ಒಡೆದು ಹಾರಿಸುತ್ತಿದ್ದ ತಿರುಗಾಟದ ಹಾಡುಗಾರನೊಬ್ಬನಿದ್ದ, ಎಮೆಟ್ ಮಿಲ್ಲರ್. ಅವನ ಮೇಳವೋ, ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಹೇಸಿಗೆ ಮೇಳ. ಅವನು 1928ರಲ್ಲಿ ರೆಕಾರ್ಡಿಗೆ ಹಾಡಿದ ‘ಲವ್‌ಸಿಕ್ ಬ್ಲೂಸ್’ ರೆಕ್ಸ್ ಗ್ರಿಫಿನ್ ಎಂಬ ಹಾಡುಗಾರನನ್ನು ದಾಟಿ ಹ್ಯಾಂಕ್ ವಿಲಿಯಮ್ಸ್ ಬಾಯಿಗೆ ಬಂದು 1949ರಲ್ಲಿ ಕಂಟ್ರಿ ಸಂಗೀತವನ್ನೇ ಆಳಿತು. ಮಿಲ್ಲರ್‌ನನ್ನು ಜನ ಮರೆತಿದ್ದರು.

ನಮ್ಮಲ್ಲೂ ಕಂಪನಿಯ ಋಣ ನೆನೆಯುವವರು ಕಡಿಮೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ರಂಗದ ಮೇಲೆ ಹಾಡಿದ್ದನ್ನು ಕೇಳಿಯೇ ಗವಾಯಿ ನೀಲಕಂಠಬುವಾ ಅವರನ್ನು ಶಿಷ್ಯನನ್ನಾಗಿ ಮಾಡಿಕೊಂಡದ್ದು. ಬೀಳಗಿಯ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯ ಸೋದರಿ, ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಗಂಧರ್ವರ ವರಸೆಯನ್ನೇ ಕಂಠಕ್ಕಿಳಿಸಿಕೊಂಡಳು. ಗಂಡಸು ಹೆಣ್ಣಾಗಿ ಹಾಡಿದ್ದನ್ನು ಹೆಣ್ಣು ಕಲಿತಳು!

ಇನ್ನು ಉಡುಪು, ಪರದೆ, ಸೀನರಿ ನೀವೇ ನೋಡಿಕೊಳ್ಳಿ. ಪೇಟಿ ಕಾಣುವ ಹಾಗೆ ಕೂಡಿ. ಸೌಂಡ್ ಬಾಕ್ಸಿನ ಮುಂದೆ ಕೂತರೆ ಎಲ್ಲರದೂ ತಗಡಿನ ದನಿಯೇ. ಒನ್ಸ್ ಮೋರ್ ಕೂಗಿ, ಆದರೆ ಕೂಗಿ ಮೊಬೈಲ್ ತೆಗೆಯಬೇಡಿ. ಎರಡನೆಯ ಸಲ ನಟಿಯ ದನಿ ಹಾರುವ ಜಾಗ ಬೇರೆ ಇರುತ್ತದೆ.